ಕೈಯಲ್ಲಿ ಇಳಿಸುವ ಕಿಟಕಿ

ಬೆವರ್ಲಿ ತನ್ನ ಕಾರಿನಲ್ಲಿ ಡೆಲ್ಮರನನ್ನು ಓರಿನ್‌ನ ಅಂಗಳದ ಬಾಯಿಗೆ ತಂದು ಇಳಿಸಿ, "ವಾಪಸ್ ಹೇಗೆ ಬರ್ತೀಯ?" ಎಂದು ಕೇಳಿದಾಗ ಅವನು ಯೋಚಿಸದೆ "ಟ್ರಕ್ಕಲ್ಲಿ" ಎಂದುಬಿಟ್ಟ. ಅಂದ ಮೇಲೆ ಕಿವಿ ಬಿಸಿಯಾಯಿತು; ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಕಿವಿ ಬಿಸಿಯಾಗುವುದು ಸಣ್ಣ ಮಾತಲ್ಲ. ಬೆವರ್ಲಿ ಪಕ್ಕದ ಮನೆಯವಳು, ಒಳ್ಳೆಯವಳು. ಡಿಸೆಂಬರಿನಿಂದ ಗಂಡ ಹೆಂಡತಿ ಇಬ್ಬರನ್ನೂ ಅಂಗಡಿಗೆ, ಚರ್ಚಿಗೆ, ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ತಿರುಗುತ್ತಿದ್ದಳು, ಒಮ್ಮೆಯೂ ಬೇಸರ ತೋರಿಸಿರಲಿಲ್ಲ. ಅದೇ ಕಷ್ಟ. ಅವಳ ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂರುವಾಗಲೆಲ್ಲ ಡೆಲ್ಮರನಿಗೆ ತನ್ನ ಅರವತ್ತಮೂರು ವರ್ಷದಲ್ಲಿ ಐವತ್ತೇಳನ್ನು ಯಾರೋ ಕಸಿದುಕೊಂಡ ಹಾಗೆ ಅನಿಸುತ್ತಿತ್ತು. "ಟ್ರಕ್ಕಲ್ಲಾ," ಎಂದು ಅವಳು ಸ್ಟಿಯರಿಂಗಿನ ಮೇಲೆ ಕೈಗವಸು ಒತ್ತಿಕೊಂಡಳು. "ಆಯ್ತಪ್ಪ. ನಾನು ಮನೇಲೇ ಇರ್ತೀನಿ. ಏನಾದ್ರೂ ಆದ್ರೆ ಫೋನ್ ಮಾಡು." ಏನಾದರೂ ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಆ ಮಾತು ಅವನನ್ನು ಸಂಜೆಯವರೆಗೆ ಕಚ್ಚುತ್ತಿತ್ತು. ಇವತ್ತು ಕಚ್ಚಲಿಲ್ಲ. ಬೂಟಿನಡಿ ಹಿಮ ಕಿರ್ ಎಂದಿತು, ಮೂಗಿನೊಳಗಿನ ಕೂದಲು ಸೆಟೆದುಕೊಂಡವು, ಆಕಾಶ ಅನ್ಯಾಯಕ್ಕೆ ನೀಲಿಯಾಗಿತ್ತು, ಮತ್ತು ಅವನು ಟ್ರಕ್ ಕೊಳ್ಳಲು ಬಂದಿದ್ದ. ಅವನು, ಡೆಲ್ಮರ್, ಪಿಯಾನೋ ಶ್ರುತಿ ಮಾಡುವವನು, ಒಬ್ಬನೇ, ಟ್ರಕ್ ಕೊಳ್ಳಲು. ಹೊಟ್ಟೆಯಲ್ಲಿ ನಗು ಗುಳುಗುಳು ಎನ್ನುತ್ತಿತ್ತು. ಇದು ಭಯವೂ ಇರಬಹುದು ಎಂದು ಅನುಮಾನಿಸಿ, ಇದ್ದರೆ ಇರಲಿ ಎಂದುಕೊಂಡ.

ಕೈಗವಸಿನೊಳಗೆ ಹೆಂಡತಿ ಆರ್ಲಿಸ್ ಬರೆದ ಚೀಟಿಯಿತ್ತು. ದಪ್ಪ ಕರಿ ಪೆನ್ನಿನಲ್ಲಿ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು, ಒಂದರ ಮೇಲೊಂದು ಹತ್ತಿಕೊಂಡು. ಅವಳ ಕಣ್ಣಿನ ನಡುಭಾಗ ಹೋಗಿತ್ತು, ಅಂಚು ಉಳಿದಿತ್ತು; ಯಾರ ಮುಖ ನೋಡಬೇಕಾದರೂ ಅವಳೀಗ ಅವರ ಪಕ್ಕದ ಗೋಡೆ ನೋಡಬೇಕು. ಇಪ್ಪತ್ತಾರು ವರ್ಷ ಈ ಜಿಲ್ಲೆಯ ಶಾಲಾ ಬಸ್ಸನ್ನು ಓಡಿಸಿದವಳು, ಹಿಮಗಾಳಿಯಲ್ಲಿ ನಲವತ್ತು ಮಕ್ಕಳನ್ನು ಮನೆ ಮುಟ್ಟಿಸಿ ಬಂದು ಏನೂ ಆಗಿಲ್ಲವೆಂಬಂತೆ ಆಲೂಗಡ್ಡೆ ಸುಲಿಯುತ್ತ ಕೂತವಳು, ಡಿಸೆಂಬರಿನಲ್ಲಿ ಕಾರು ಮಾರಿ, ಲೈಸೆನ್ಸನ್ನು ಮೇಜಿನ ಮೇಲಿಟ್ಟು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬೇರೆ ಒಂದು ಶುರುವಾಯಿತು. ಅಡುಗೆಮನೆಯ ಕಿಟಕಿಯ ಹತ್ತಿರ ನೀಲಿ ಟೋಪಿಯ ಮಕ್ಕಳು ಸಾಲಾಗಿ ಬಸ್ಸಿಗೆ ಕಾಯುತ್ತಿದ್ದರಂತೆ. ಡಾಕ್ಟರು, ತಲೆ ಸರಿಯಾಗಿಯೇ ಇದೆ, ಕಣ್ಣು ಕಾಣದ ಜಾಗವನ್ನು ತಾನೇ ಚಿತ್ರ ಬರೆದು ತುಂಬಿಕೊಳ್ಳುತ್ತದೆ, ಗಾಬರಿ ಬೇಡ ಎಂದರು. ಅಂದಿನಿಂದ ಅವರಿಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿ "ಇದೆಯಾ?" ಎಂದು ಕೇಳುತ್ತಾಳೆ, ಅವನು ನೋಡಿ "ಇದೆ" ಅಥವಾ "ಇಲ್ಲ" ಎನ್ನುತ್ತಾನೆ. ಬೇರೆ ಮಾತಿಲ್ಲ, ಸಮಾಧಾನವಿಲ್ಲ. ಸೋಫಾದ ಮೇಲೆ ಹೂಗುಚ್ಛ, ಇದೆಯಾ, ಇಲ್ಲ. ಮೆಟ್ಟಿಲ ಮೇಲೆ ಬೆಕ್ಕು, ಇದೆಯಾ, ಇದೆ, ಬೆವರ್ಲಿಯದು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅವನ ಮಾತನ್ನು ಇಷ್ಟು ಪೂರ್ತಿಯಾಗಿ ನಂಬಿದ್ದು ಇದೇ ಮೊದಲು, ಆ ನಂಬಿಕೆಯ ಭಾರಕ್ಕೆ ಅವನಿಗೆ ಕೆಲವೊಮ್ಮೆ ಬೆನ್ನು ನೋಯುತ್ತಿತ್ತು.

ಅವಳ ತಂಗಿ ಕೊರಿನ್ ಅರಿಜೋನಾದಿಂದ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಬಂದುಬಿಡಿ ಇಬ್ಬರೂ, ಇಲ್ಲಿ ಹಿಮವಿಲ್ಲ, ಬಸ್ಸಿದೆ, ಕೋಣೆಯಿದೆ, ಟಿಕೆಟ್ಟು ಶನಿವಾರದವರೆಗೆ ಹಿಡಿದಿಟ್ಟಿದ್ದೇನೆ. ಕೊರಿನ್‌ಳ ಮನೆಯ ಮುಂದೆ ಹುಲ್ಲಿನ ಬದಲು ಹಸಿರು ಬಣ್ಣ ಬಳಿದ ಜಲ್ಲಿಕಲ್ಲು. ಆ ಒಣಹವೆಯಲ್ಲಿ ಪಿಯಾನೋಗಳ ಹಲಗೆ ಬಿರಿಯುತ್ತದೆ. ಅಲ್ಲಿಗೆ ಹೋದರೆ ತಾವು ಮರಳಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನಾನು ಧೈರ್ಯವಾಗಿ ಕೂತ್ಕೊಳ್ಳೋ ಅಂಥ ಒಂದು ಗಾಡಿ, ಅದನ್ನ ಓಡಿಸೋಕೆ ನೀನು," ಎಂದಿದ್ದಳು ಆರ್ಲಿಸ್ ಅವನ ಪಕ್ಕದ ಗೋಡೆ ನೋಡುತ್ತ. "ಎರಡೂ ಶನಿವಾರದೊಳಗೆ ಸಿಕ್ಕಿದ್ರೆ ಇಲ್ಲೇ ಇರೋಣ. ಇಲ್ಲಾಂದ್ರೆ ಕೊರಿನ್ ಮನೆ." ಜೊತೆಗೆ ಬಾ ಎಂದು ಅವನು ಅಂಗಲಾಚಿದ. "ಬರಲ್ಲ. ಬಂದ್ರೆ ನಾನೇ ಆರಿಸಿಬಿಡ್ತೀನಿ. ಆಮೇಲೆ ಓಡಿಸುವಾಗೆಲ್ಲ ನೀನು ನನ್ನ ಮುಖ ನೋಡ್ತೀಯ, ರಸ್ತೆ ನೋಡಲ್ಲ." ಇವತ್ತು ಗುರುವಾರ.

ಚೀಟಿಯಲ್ಲಿ ಐದು ಮಾತಿದ್ದವು. ಗಾಡಿಯಡಿಯ ಫ್ರೇಮನ್ನು ಸುತ್ತಿಗೆಯಿಂದ ತಟ್ಟು, ತುಕ್ಕು ತಿಂದಿದೆಯಾ ಕೇಳು. ಹೀಟರಿನ ಗಾಳಿ ಕಾಲಿಗೂ ಬರಬೇಕು. ನಾಲ್ಕೂ ಚಕ್ರವನ್ನು ಇಂಜಿನ್ ತಿರುಗಿಸಬೇಕು, ಬರೀ ಬಾಯಲ್ಲಲ್ಲ. ಇಂಜಿನ್ ಬೆಚ್ಚಗಿಡುವ ಪ್ಲಗ್ ಇರಬೇಕು. ಐದನೆಯದರ ಕೆಳಗೆ ಎರಡು ಗೆರೆ: ಕಿಟಕಿ ಕೈಯಲ್ಲಿ ಇಳಿಸುವಂಥದ್ದೇ. ಬೆಳಿಗ್ಗೆ ಇದನ್ನು ಓದಿದಾಗ ಅವನ ಎದೆ ಧಸಕ್ಕೆಂದಿತ್ತು. ಗುಂಡಿ ಒತ್ತಿ ಇಳಿಸುವ ಕಿಟಕಿ ನೀರಿಗೆ ಬಿದ್ದರೆ ಕೈಕೊಡುತ್ತದೆ, ಕೈಯಲ್ಲಿ ತಿರುಗಿಸುವುದು ಕೊಡುವುದಿಲ್ಲ, ಇದು ಇಲ್ಲಿ ಮಕ್ಕಳಿಗೂ ಗೊತ್ತು. ಅಂದರೆ ಈ ಸಲವೂ ಇವನು ಮುಳುಗಿಸುತ್ತಾನೆ ಎಂದೇ ಅವಳ ಲೆಕ್ಕ. ಎರಡೆರಡು ಗೆರೆ ಎಳೆದು.

ಹತ್ತೊಂಬತ್ತು ವರ್ಷದ ಹಿಂದಿನ ಮಾರ್ಚ್ ತಿಂಗಳು. ಆರ್ಲಿಸ್‌ಳ ಅಪ್ಪ ಹ್ಯಾಲ್ವರ್‌ಗೆ ಎಪ್ಪತ್ತು ತುಂಬಿದ ದಿನ. ಅವರು, ಚಳಿಗಾಲದಲ್ಲಿ ಗಾಡಿಗಳೂ ಓಡಾಡುವಷ್ಟು ಗಟ್ಟಿಯಾಗುವ ಕೆರೆಯ ಮಂಜುಗಡ್ಡೆಯ ಮೇಲಿನ ತಮ್ಮ ಮೀನು ಹಿಡಿಯುವ ಗುಡಿಸಲಿನಲ್ಲಿ ಕೂತಿದ್ದರು, ಡೆಲ್ಮರ್ ಅವರದೇ ಟ್ರಕ್ಕಿನಲ್ಲಿ ಕೇಕು ಒಯ್ಯುತ್ತಿದ್ದ. ಮಂಜಿನ ಮೇಲೆ ಹೋಗುವಾಗ ಬೆಲ್ಟ್ ಬಿಚ್ಚಿರಬೇಕು, ಕಿಟಕಿ ಇಳಿದಿರಬೇಕು, ಬಿದ್ದರೆ ಹೊರಬರಲು, ಅದನ್ನು ಮಾಡಿದ್ದ. ಹಬ್ಬ ಮುಗಿದ ಮೇಲೆ ಬಿಸಾಡಿದ ಕ್ರಿಸ್‌ಮಸ್ ಮರಗಳನ್ನು ನೆಟ್ಟು ದಾರಿ ಗುರುತು ಮಾಡಿರುತ್ತಾರೆ, ಆ ಸಾಲು ಬಿಡಬಾರದು, ಅದನ್ನು ಮಾಡಲಿಲ್ಲ. ತಲೆಯಲ್ಲೊಂದು ಹಾಡು ಓಡುತ್ತಿತ್ತು, ಗುಡಿಸಲು ಎದುರಿಗೇ ಕಾಣುತ್ತಿತ್ತು, ನೇರ ಹೊಡೆದ. ಟ್ರಕ್ಕು ಸಿಟ್ಟು ಮಾಡಿಕೊಳ್ಳದೆ, ಯಾವ ಅವಸರವೂ ಇಲ್ಲದೆ, ವಯಸ್ಸಾದವರು ಕುರ್ಚಿಯಲ್ಲಿ ಕೂರುವ ಹಾಗೆ ಇಳಿಯಿತು. ಅವನು ಕಿಟಕಿಯಿಂದ ತೂರಿ ಹೊರಗೆ ಬಂದಾಗ ಕೈಯಲ್ಲಿ ಕೇಕಿತ್ತು. ಅದನ್ನು ಯಾಕೆ ಹಿಡಿದ ಎಂದು ಇವತ್ತಿಗೂ ಗೊತ್ತಿಲ್ಲ. ಹ್ಯಾಲ್ವರ್ ನಡೆದು ಬಂದರು, ತೂತನ್ನು ನೋಡಿದರು, ಸೊಂಟದವರೆಗೆ ಒದ್ದೆಯಾಗಿ ಹಲ್ಲು ಕಟಕಟಿಸುತ್ತ ನಿಂತ ಅಳಿಯನನ್ನು ನೋಡಿದರು, ಕೇಕನ್ನು ನೋಡಿದರು. "ಇದು ಬೇರೆ ಥರ ಇದೆ," ಎಂದರು.

ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಹೊಸ ಪಾದ್ರಿಯ ಉಪದೇಶ ಬೇರೆ ಥರ ಇದೆ ಎಂದರೆ ಆತ ವರ್ಷದೊಳಗೆ ಗಂಟುಮೂಟೆ ಕಟ್ಟಬೇಕು. ಹಾಗೆಯೇ ಇಲ್ಲಿ ಹೊಗಳಿಕೆಗೂ ಇರುವುದು ಒಂದೇ ಮಾತು, ಪರವಾಗಿಲ್ಲ. ಆರ್ಲಿಸ್‌ಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ ಸಂಜೆ ಅವಳು ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದಳು, ಒರೆಸಿ ಮುಗಿಸಿ "ಪರವಾಗಿಲ್ಲ" ಅಂದಳು, ಅವನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಕೆರೆಯಲ್ಲಿ ಅವನು ಇಳಿದ ಜಾಗಕ್ಕೆ ಊರು ಡೆಲ್ಮರನ ಗ್ಯಾರೇಜು ಎಂದು ಹೆಸರಿಟ್ಟಿತು. ನೆನ್ನೆ ಗ್ಯಾರೇಜಿನ ಹತ್ತಿರ ಒಳ್ಳೆ ಮೀನು ಬಿತ್ತು ಎಂದು ಅವನ ಎದುರಿಗೇ ಹೇಳುತ್ತಾರೆ, ತಮಾಷೆಗಲ್ಲ, ಈಗದು ಬರೀ ಹೆಸರು. ಅಂದಿನಿಂದ ಚಳಿಗಾಲದ ಸ್ಟಿಯರಿಂಗು ಆರ್ಲಿಸ್‌ಳದು. ಪಿಯಾನೋ ಇರುವ ಮನೆಗಳಿಗೆ ಅವಳೇ ಬಿಟ್ಟು ಅವಳೇ ಕರೆದೊಯ್ಯುತ್ತಿದ್ದಳು. ಹ್ಯಾಲ್ವರ್ ತೀರಿಕೊಂಡ ಮೇಲೆ ಅವಳು ಕೆರೆಯ ಮೇಲೆ ಕಾಲಿಡಲಿಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಅಲ್ಲೇ ಬೆಳೆದವಳು. ಇದೂ ತನ್ನಿಂದಲೇ ಎಂದು ಡೆಲ್ಮರ್ ಲೆಕ್ಕಕ್ಕೆ ಹಿಡಿದಿದ್ದ, ಕೇಳುವ ಧೈರ್ಯವಾಗಿರಲಿಲ್ಲ.

"ಕಾಫಿ ಕುಡೀತೀಯಾ?" ಎಂದು ಓರಿನ್ ಬಾಗಿಲಲ್ಲಿ ನಿಂತು ಕೇಳಿದ. ಟ್ರಾಕ್ಟರು, ಟ್ರಕ್ಕು ರಿಪೇರಿ ಮಾಡಿ ಅಂಗಳದಲ್ಲಿಟ್ಟು ಮಾರುವ ಮನುಷ್ಯ. ಮಾತು ಕಡಿಮೆ, ಹುಬ್ಬು ಜಾಸ್ತಿ.

"ಬೇಡ ಬೇಡ, ಸುಮ್ನೆ ನಿಂಗೆ ತೊಂದ್ರೆ."

"ಮಾಡಿಟ್ಟಿದ್ದೇ ಇದೆ."

"ಈಗ ತಾನೆ ಕುಡ್ದು ಬಂದೆ."

"ಶೆರಿ ನಿಂಬೆ ಕೇಕ್ ಮಾಡಿದಾಳೆ," ಎಂದ ಓರಿನ್; ಶೆರಿ ಅವನ ಹೆಂಡತಿ.

"ಸರಿ, ಅರ್ಧ ಕಪ್ಪು," ಎಂದ ಡೆಲ್ಮರ್. ಮೂರನೆಯ ಸಲಕ್ಕೆ ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಎನ್ನುವವನು ಹಸಿದು ಬಂದವನು, ನಾಲ್ಕನೆಯ ಸಲಕ್ಕೂ ಬೇಡ ಎನ್ನುವವನು ಜಗಳಕ್ಕೆ ಬಂದವನು. ಇಬ್ಬರೂ ಕಪ್ಪು ಹಿಡಿದು ಅಂಗಳದಲ್ಲಿ ನಿಂತರು, ಕಾಫಿಯ ಹಬೆ ಮುಖದ ಮುಂದೆಯೇ ಗಡ್ಡೆ ಕಟ್ಟುವಂತೆ ನಿಂತಿತು. ಎರಡು ಸಣ್ಣ ಪಿಕಪ್ ಟ್ರಕ್ಕಿದ್ದವು. ಒಂದು ಕೆಂಪಗೆ, ದಕ್ಷಿಣದ ಬಿಸಿಲುನಾಡಿನಿಂದ ಬಂದದ್ದು, ಹಿಮ ಕರಗಿಸಲು ಉಪ್ಪು ಹಾಕಿದ ರಸ್ತೆಯನ್ನೇ ಕಾಣದ್ದರಿಂದ ಒಂದು ಚುಕ್ಕೆ ತುಕ್ಕಿಲ್ಲ. ಇನ್ನೊಂದು ಕಂದು, ಒಂದು ಬಾಗಿಲು ಮಾತ್ರ ಹಸಿರು, ಚಕ್ರಗಳ ಮೇಲ್ಗಡೆ ತುಕ್ಕು ಕಸೂತಿ ಹಾಕಿತ್ತು. ಅದರ ಮೂತಿಯಿಂದ ಇಂಜಿನ್ ಬೆಚ್ಚಗಿಡುವ ಪ್ಲಗ್ಗಿನ ಬಾಲ ನೇತಾಡುತ್ತಿತ್ತು, ಅದಕ್ಕೆ ಕಿತ್ತಳೆ ಬಣ್ಣದ ವೈರು ಬಿಚ್ಚಿಕೊಳ್ಳದಂತೆ ಗಂಟು ಹಾಕಿ ಸೇರಿಸಿದ್ದರು. ವೈರು ಅಲ್ಲಿಂದ ಹೊರಟು, ಕ್ರಿಸ್‌ಮಸ್ಸಿಗೆಂದು ಅಂಗಳದಲ್ಲಿಟ್ಟು ಸೊಂಟದವರೆಗೆ ಹಿಮದಲ್ಲಿ ಹೂತುಹೋದ ಪ್ಲಾಸ್ಟಿಕ್ ಮೇರಿ ಮತ್ತು ಜೋಸೆಫರ ಗೊಂಬೆಗಳ ನಡುವೆ ಹಾದು, ಪಕ್ಕಕ್ಕೆ ಬಿದ್ದಿದ್ದ, ಒಳಗೆ ದೀಪವಿರುವ ಕುರಿಮರಿಯ ಗೊಂಬೆಯೊಂದರ ಕೊರಳು ಸುತ್ತಿ, ಗ್ಯಾರೇಜಿನ ಗೋಡೆಯ ಕರೆಂಟಿನ ತೂತು ಸೇರುತ್ತಿತ್ತು. "ತೆಗಿ ಅಂತಾಳೆ ಶೆರಿ," ಎಂದ ಓರಿನ್. "ಕುರಿ ಒಂದು ಕಿತ್ಕೊಂಡು ಬಂತು. ಉಳಿದೋರನ್ನ ಏಪ್ರಿಲ್‌ವರೆಗೂ ನೆಲ ಬಿಡಲ್ಲ."

ಡೆಲ್ಮರ್ ಕೋಟಿನೊಳಗಿಂದ ಸುತ್ತಿಗೆ ತೆಗೆದ. ಓರಿನ್‌ನ ಹುಬ್ಬು ಮೇಲಕ್ಕೆ ಹೋಯಿತು. ಹಿಮದ ಮೇಲೆ ಅಂಗಾತ ಮಲಗಿ ಕೆಂಪು ಟ್ರಕ್ಕಿನಡಿ ತೂರಿದಾಗ ಬೆನ್ನು ಚುರುಗುಟ್ಟಿತು, ತನ್ನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿರುವುದನ್ನು ಊಹಿಸಿ ಅವನಿಗೆ ನಗು ಬಂತು, ನಕ್ಕರೆ ಒಳಗಿನಿಂದ ಸದ್ದು ಬರುತ್ತದೆಂದು ತುಟಿ ಕಚ್ಚಿದ. ತಟ್ಟಿದ. ಶುದ್ಧ ಸ್ವರ. ಎಲ್ಲಿ ತಟ್ಟಿದರೂ ಅದೇ ಸ್ವರ, ತೊಳೆದಿಟ್ಟ ಹಾಗೆ. ಅವನ ಜೀವಮಾನದಲ್ಲಿ ಅಂಥ ಶುದ್ಧ ಸ್ವರಗಳು ಎಷ್ಟೋ ಬಾರಿ ಮೋಸ ಮಾಡಿದ್ದವು. ಹೊಸ ಪಿಯಾನೋ ಮೊದಲ ಚಳಿಗಾಲಕ್ಕೆ ಎಲ್ಲಿ ಸಡಿಲಾಗುತ್ತದೆಂದು ದೇವರಿಗೂ ತಿಳಿಯದು, ಹಳೆಯದು ಮಾತ್ರ ಸಡಿಲಾಗಬೇಕಾದ ಕಡೆ ಆಗಲೇ ಸಡಿಲಾಗಿರುತ್ತದೆ. ತೆವಳಿಕೊಂಡು ಕಂದು ಟ್ರಕ್ಕಿನಡಿಗೆ ಹೋದ. ಟಣ್, ಟಣ್, ಟಣ್, ಹಿಂಬದಿಯ ಎಡಮೂಲೆಯಲ್ಲಿ ದಬ್. ಮತ್ತೆ ಟಣ್. ದಬ್ ಎಂದ ಕಡೆ ಬೆರಳಿಟ್ಟು ನೋಡಿದ. ಅಲ್ಲಿ ಯಾರೋ ದಪ್ಪ ಉಕ್ಕಿನ ತೇಪೆ ಹಾಕಿ ನಿಷ್ಠೆಯಿಂದ ಬೆಸುಗೆ ಮಾಡಿದ್ದರು. ಮತ್ತೊಮ್ಮೆ ಇಡೀ ಫ್ರೇಮನ್ನು ತಟ್ಟುತ್ತ ಹೋದ, ಅದೊಂದು ಸಣ್ಣ ಹಾಡಿನ ಹಾಗೆ ಕೇಳಿಸಿತು, ಬೇಕೆಂದೇ ಮೂರನೆಯ ಸಲವೂ ತಟ್ಟಿದ.

"ಒಳಗೆ ಯಾರಾದ್ರೂ ಇದಾರಾ?" ಎಂದ ಓರಿನ್ ಬಗ್ಗಿ.

ಹೊರಬಂದು ಹಿಮ ಕೊಡವಿಕೊಂಡ. ಓರಿನ್ ಕೆಂಪಿನದರ ಕೀಲಿ ತಿರುಗಿಸಿದ. ಅದು ನರಳಿತು, ಇನ್ನೊಮ್ಮೆ ನರಳಿತು, ಬಹಳ ಹೊತ್ತು ಯೋಚಿಸಿ ಎದ್ದಿತು. ಕಂದಿನದು ರಾತ್ರಿಯೆಲ್ಲ ವೈರಿನ ಬಿಸಿಯಲ್ಲಿ ಮಲಗಿದ್ದದ್ದು, ಕರೆದ ಕೂಡಲೆ ಎದ್ದಿತು. ಸೀಟು ಒಂದೇ ಉದ್ದ, ನಡುವೆ ಗೋಡೆಯಿಲ್ಲ. ಹೀಟರಿನ ಗಾಳಿ ಪಾದಕ್ಕೆ ಬಂತು. ಡೆಲ್ಮರ್ ನಾಲ್ಕು ಚಕ್ರದ ಲಿವರ್ ಎಳೆದು ಇದ್ದ ಜಾಗದಲ್ಲೇ ನಾಲ್ಕಡಿ ಹಿಂದೆ ಮುಂದೆ ಸರಿಸಿದ, ನಾಲ್ಕೂ ಕಚ್ಚಿದವು. ಕೊನೆಗೆ ಕಿಟಕಿ. ಕೈಹಿಡಿ ಹಿಡಿದು ತಿರುಗಿಸಿದ, ಗಾಜು ಗೊಣಗುತ್ತ ಇಳಿಯಿತು, ಏರಿತು. ಎಡಗಡೆಯದೂ, ಬಲಗಡೆಯದೂ. ಎರಡು ಗೆರೆ ನೆನಪಾಗಿ ಎದೆಯಲ್ಲಿ ಮತ್ತೆ ಚುಚ್ಚಿತು, ಆದರೆ ಅಷ್ಟರಲ್ಲಿ ಅವನು ಆ ಗಾಡಿಯ ವಾಸನೆಗೆ ಸೋತಿದ್ದ. ಹಳೇ ಕಾಫಿ, ನಾಯಿ, ಎಣ್ಣೆ.

ಈಗ ಶುರುವಾಗಬೇಕಾದದ್ದು ಬೇರೆ ಕಲಾಪ. ಮಾರುವವನು ತನ್ನ ಮಾಲನ್ನು ಬೈಯಬೇಕು, ಕೊಳ್ಳುವವನು ಛೆ ಅಷ್ಟೇನಿಲ್ಲ ಎನ್ನಬೇಕು, ಇಬ್ಬರೂ ಹವಾಮಾನದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಕೊಳ್ಳುವವನು ಯೋಚಿಸಿ ಹೇಳ್ತೀನಿ ಎಂದು ಎರಡು ಸಲ ಹೊರಡಬೇಕು. ಓರಿನ್ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಈ ಕಂದು ಇದೆಯಲ್ಲ, ಇದನ್ನ ನಿಂಗೆ ಕೊಡೋಕೆ ನಂಗೆ ಮನಸ್ಸಿಲ್ಲ. ನೋಡೋಕೆ ಚೆನ್ನಾಗಿಲ್ಲ. ಹಸಿರು ಬಾಗಿಲು ಬೇರೆ ಗಾಡೀದು. ರೇಡಿಯೋದಲ್ಲಿ ಒಂದೇ ಸ್ಟೇಶನ್ನು, ಅದೂ..."

"ಇದೇ ಬೇಕು," ಎಂದ ಡೆಲ್ಮರ್.

ಓರಿನ್‌ನ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಅಷ್ಟು ಬತ್ತಲೆಯಾಗಿ ಯಾರೂ ಆ ಅಂಗಳದಲ್ಲಿ ಏನನ್ನೂ ಬಯಸಿರಲಿಲ್ಲ. ಓರಿನ್ ಸ್ವಲ್ಪ ಕೆಂಪಾದ, ಬೇರೆಯವರ ಮನೆಯ ಜಗಳ ಕೇಳಿಸಿಕೊಂಡವನಂತೆ ಆ ಕಡೆ ಈ ಕಡೆ ನೋಡಿದ.

"ಯೋಚ್ನೆ ಮಾಡ್ಬಹುದು," ಎಂದ ಮೆಲ್ಲಗೆ.

"ಮಾಡಿದೆ."

"ಕೆಂಪಿನದು..."

"ಬೇಡ. ಇದೇ. ನಂಗೆ ಇದು ತುಂಬಾ ಇಷ್ಟ ಆಯ್ತು ಓರಿನ್."

"ಆಯ್ತು ಮಾರಾಯ, ಅದನ್ನೆಲ್ಲ ಯಾಕೆ ಬಾಯ್ಬಿಟ್ಟು ಹೇಳ್ತೀಯ," ಎಂದು ಓರಿನ್ ಕೀಲಿಯನ್ನು ಅವನ ಕೈಗೆ ತುರುಕಿದ, ಬೇಗ ಮುಗಿಯಲಿ ಎಂಬಂತೆ. "ತಗೊಂಡ್ಹೋಗಿ ಆರ್ಲಿಸ್‌ಗೆ ತೋರ್ಸು. ಅವಳು ಹೂಂ ಅಂದ್ರೆ ಉಳಿದದ್ದು ಮಾತಾಡೋಣ. ಕೆರೆ ಮೇಲೆ ಹೋದ್ರೆ ಮೂರೇ ಮೈಲಿ." ಅಂದವನೇ ನಾಲಿಗೆ ಕಚ್ಚಿಕೊಂಡ. ಕಾಫಿಯ ತಳ ನೋಡಿದ. "ರಸ್ತೇಲೇ ಹೋಗು ಅಂದೆ. ಹನ್ನೊಂದು ಮೈಲಿ ಆಗುತ್ತೆ, ಪರವಾಗಿಲ್ಲ."

ಡೆಲ್ಮರ್‌ಗೆ ಯಾವುದೂ ನಾಟಲಿಲ್ಲ. ಬೇಕು ಎಂಬ ಮಾತು ಇನ್ನೂ ಬಾಯಲ್ಲಿ ಸಿಹಿಯಾಗಿತ್ತು. ಗೇರ್ ಹಾಕಿ ಹೊರಟ. ಮೊದಲಿಗೆ ಏನೋ ತಡೆದ ಹಾಗಾಯಿತು, ಹಿಮವಿರಬೇಕೆಂದು ಸ್ವಲ್ಪ ಜಾಸ್ತಿ ಒತ್ತಿದ, ಬಿಟ್ಟುಕೊಂಡಿತು. ಹಿಂದಿನ ಗಾಜೆಲ್ಲ ಹಿಮ ಕಟ್ಟಿತ್ತು. ಪಕ್ಕದ ಕನ್ನಡಿಯ ಮೂಲೆಯಲ್ಲಿ ಓರಿನ್ ಎರಡೂ ಕೈ ಎತ್ತಿ ಬೀಸುತ್ತಿರುವುದು ಕಂಡಿತು, ಶೆರಿಯೂ ಹೊರಗೆ ಬಂದು ಬೀಸಿದಳು. ಎಂಥ ಜನ ಎಂದುಕೊಂಡು ಅವನೂ ಕೈ ಬೀಸಿದ. ಬಾಯಿಬಿಟ್ಟು ಹೇಳಿದರೆ ಎಲ್ಲರೂ ಕರಗುತ್ತಾರೆ, ಸುಮ್ಮನೆ ಅರವತ್ತಮೂರು ವರ್ಷ ಹಾಳು ಮಾಡಿಕೊಂಡೆ.

ರಸ್ತೆ ಬೆಳ್ಳಗೆ, ಗಟ್ಟಿಯಾಗಿ ತುಳಿದ ಹಿಮ. ಅವನು ಗಂಟೆಗೆ ಮೂವತ್ತು ಮೈಲಿಯಲ್ಲಿ ಹೋದ. ಮೊದಲ ತಿರುವಿನಲ್ಲಿ ಹಿಂಬದಿ ಜಾರಿತು, ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು, ಅಷ್ಟರಲ್ಲಿ ಬಸ್ಸಿನ ಮೊದಲ ಸೀಟಿನಲ್ಲಿ ಕೂತು ಎಷ್ಟೋ ಸಲ ಕೇಳಿದ ಆರ್ಲಿಸ್‌ಳ ದನಿ ಕೇಳಿಸಿತು. ಬ್ರೇಕ್ ಮುಟ್ಬೇಡ, ಹೋಗ್ಬೇಕಾದ ಕಡೆ ನೋಡು, ಕೈ ತಾನಾಗೇ ಹೋಗುತ್ತೆ. ಹೋಗಬೇಕಾದ ಕಡೆ ನೋಡಿದ. ಕೈ ಹೋಯಿತು. ಟ್ರಕ್ಕು ನೆಟ್ಟಗಾಯಿತು. ಅವನು ಗಟ್ಟಿಯಾಗಿ ಹಾಡಲು ತೊಡಗಿದ, ಪದ ಗೊತ್ತಿಲ್ಲದ ಕಡೆ ಟ್ರಕ್ಕಿನ ಕಂಪನಿಯ ಹೆಸರು ಸೇರಿಸಿಕೊಂಡು.

ಎದುರಿಗೆ ಬಂದವರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುವುದು ಇಲ್ಲಿನ ಪದ್ಧತಿ. ಒಂದೇ ಬೆರಳು, ಎರಡಾದರೆ ಸಂಬಂಧಿಕರು. ಇವತ್ತು ಮೊದಲು ಎದುರಾದ ಹಾಲಿನ ಲಾರಿಯವನು ಇಡೀ ಕೈ ಎತ್ತಿದ. ಡೆಲ್ಮರ್ ಬೆಚ್ಚಿ ತಾನೂ ಇಡೀ ಕೈ ಎತ್ತಿದ. ಹಿಮ ತಳ್ಳುವ ದೊಡ್ಡ ಗಾಡಿ ದೀಪ ಮಿಣುಕಿಸಿತು, ಒಳಗಿನವನು ಕಿಟಕಿಯಿಂದ ಅರ್ಧ ಹೊರಗೆ ಬಂದು ಹಿಂದಕ್ಕೆ ಕೈ ತೋರಿಸಿದ. ಬಂದ ದಾರಿ ಚೆನ್ನಾಗಿ ಮಾಡಿದ್ದೇನೆ ಎಂದಿರಬೇಕು. ಡೆಲ್ಮರ್ ಹೆಬ್ಬೆರಳು ತೋರಿಸಿ ಮೆಚ್ಚಿಕೊಂಡ. ಚರ್ಚಿನ ಮುಂದೆ ಮೂವರು ಹೆಂಗಸರು ಹಿಮ ಎತ್ತುವ ಸಲಿಕೆ ಬಿಟ್ಟು ಕೈ ಬಾಯಿಗೆ ಒತ್ತಿಕೊಂಡರು. ಶಾಲಾ ಬಸ್ಸು ದಾಟುವಾಗ ಮಕ್ಕಳೆಲ್ಲ ಒಂದೇ ಕಡೆಗೆ ನುಗ್ಗಿ ಕಿಟಕಿಗೆ ಮೂಗು ಒತ್ತಿ ಕುಣಿಯುತ್ತಿದ್ದರು. ಟ್ರಕ್ಕು ಎಂದರೆ ಇದು ಎಂದುಕೊಂಡ ಅವನು. ಹತ್ತೊಂಬತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿನ ಪ್ರೀತಿಯನ್ನೇ ಕಳೆದುಕೊಂಡಿದ್ದೆ. ಡೆಲ್ಮರ್ ಓಡಿಸುತ್ತಿದ್ದಾನೆ, ಡೆಲ್ಮರ್ ಮುಳುಗಲಿಲ್ಲ ಎಂದು ಅವರಿಗೂ ಖುಷಿ. ಕಣ್ಣಲ್ಲಿ ನೀರು ಬಂತು, ಕೈಗವಸಿನಿಂದ ಒರೆಸಿಕೊಂಡು ಎಲ್ಲರಿಗೂ ಕೈ ಬೀಸುತ್ತ, ಒಂದು ಅಂಚೆಪೆಟ್ಟಿಗೆಗೂ ಕೈ ಬೀಸಿ, ಮನೆಯ ದಾರಿಗೆ ತಿರುಗಿದ.

ಆರ್ಲಿಸ್ ಅಂಗಳದಲ್ಲೇ ನಿಂತಿದ್ದಳು, ಅಪ್ಪನ ಹಳೆಯ ಕೋಟು ಹಾಕಿಕೊಂಡು. ಯಾವಾಗಿನಿಂದ ನಿಂತಿದ್ದಳೋ, ಹುಬ್ಬು ಬೆಳ್ಳಗಾಗಿತ್ತು. ಅವನು ಇಳಿದು ಬಾಗಿಲು ಹಾಕಿದ, ಸದ್ದು ಗಟ್ಟಿಯಾಗಿ ಬರಲೆಂದು ಬೇಕೆಂದೇ ಜೋರಾಗಿ. ಅವಳು ತಲೆ ಓರೆ ಮಾಡಿ ಟ್ರಕ್ಕಿನ ಪಕ್ಕದ ಬೇಲಿಯನ್ನು ನೋಡಿದಳು. ತಲೆ ಇನ್ನಷ್ಟು ಓರೆ ಮಾಡಿದಳು. ಮುಖದ ಬಣ್ಣ ಇಳಿಯಿತು.

"ಡೆಲ್ಮರ್," ಎಂದಳು ಸಣ್ಣ ದನಿಯಲ್ಲಿ. "ನಿನ್ನ ಹಿಂದೆ ಒಂದು ಕುರಿ ಬಂದಿದೆ. ಇದೆಯಾ?"

ಅವನ ಉಬ್ಬು ಒಮ್ಮೆಲೇ ಇಳಿಯಿತು. ಇವತ್ತೇ ಬರಬೇಕಾಗಿತ್ತೇ ಇದು. ಅವಳ ಎರಡೂ ಕೈ ಹಿಡಿದುಕೊಂಡ. ಒಪ್ಪಂದದಲ್ಲಿ ಸಮಾಧಾನ ಇಲ್ಲ, ಆದರೂ ದನಿಯನ್ನು ಆದಷ್ಟು ಮೆತ್ತಗೆ ಮಾಡಿ ಹೇಳಿದ. "ಇಲ್ಲ ಆರ್ಲಿಸ್. ಕುರಿ ಇಲ್ಲ."

"ಬಿಳೀದು."

"ಇಲ್ಲ."

"ಒಂದು ಕಿವಿ ಇಲ್ಲ ಅದಕ್ಕೆ." ಅವಳು ತಲೆಯನ್ನು ಇನ್ನೊಂದು ಕಡೆಗೆ ಓರೆ ಮಾಡಿದಳು. "ಇಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರ್ಲಿಲ್ಲ. ಡೆಲ್ಮರ್, ನೀನು ತಿರುಗಿ ನೋಡ್ಲೇ ಇಲ್ಲ."

ನಿಜ, ನೋಡಿರಲಿಲ್ಲ. ನೋಡದೆ ಹೇಳಿದ್ದ, ಅವಳು ಪೂರ್ತಿ ನಂಬಿದ ಒಂದೇ ಒಂದು ವಿಷಯದಲ್ಲಿ. ನಾಚಿಕೆಯಿಂದ ತಿರುಗಿದ. ಟ್ರಕ್ಕಿನ ಮೂತಿಯಿಂದ ಹೊರಟ ಕಿತ್ತಳೆ ವೈರು ಹೊಟ್ಟೆಯಡಿಯಿಂದ ಹಾದು, ಹಿಂದೆ ನಲವತ್ತು ಅಡಿ ಹಿಮದ ಮೇಲೆ ಹಾವಿನಂತೆ ಬಿದ್ದಿತ್ತು. ಅದರ ನಡುವೆ ಓರಿನ್‌ನ ಪ್ಲಾಸ್ಟಿಕ್ ಕುರಿಮರಿ, ಹನ್ನೊಂದು ಮೈಲಿ ಉಜ್ಜಿ ಹೊಟ್ಟೆ ನುಣ್ಣಗಾಗಿ, ಒಂದು ಕಿವಿ ಕಳೆದುಕೊಂಡು, ನಗುಮುಖದಲ್ಲಿ ನಿಂತಿತ್ತು. ಪ್ಲಗ್ ಕೀಳದೆ ಗಾಡಿ ಹೊರಡಿಸುವುದು ಈ ಸೀಮೆಯಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಒಮ್ಮೆ ಮಾಡುವ ತಪ್ಪು. ಇಷ್ಟು ದೂರ ಯಾರೂ ಒಯ್ದಿರಲಿಲ್ಲ. ಹಾಲಿನ ಲಾರಿ, ಹಿಮದ ಗಾಡಿ, ಚರ್ಚಿನ ಹೆಂಗಸರು, ಬಸ್ಸಿನ ಮಕ್ಕಳು, ಎಲ್ಲರೂ ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಮತ್ತೆ ಕೈ ಬೀಸಿದರು. ಮುಳುಗಲು ಈಗ ಒಂದು ಕೆರೆ ಸಿಕ್ಕಿದ್ದರೆ ಸಾಕಿತ್ತು.

"ಇದೆ," ಎಂದ.

"ಏನು?"

"ಕುರಿ ಇದೆ, ಆರ್ಲಿಸ್. ಓರಿನ್‌ದು. ಎಳ್ಕೊಂಡು ಬಂದ್ಬಿಟ್ಟೆ. ಎಲ್ರಿಗೂ ಕೈ ಬೀಸ್ಕೊಂಡು ಬಂದೆ."

ಅವಳ ಕೋಟಿನೊಳಗೆ ಎಲ್ಲೋ ಒಂದು ಸದ್ದು ಹುಟ್ಟಿತು, ಅಳುವೆಂದು ಅವನು ಹೆದರಿದ. ಅವಳು ಟ್ರಕ್ಕಿನ ಹಸಿರು ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದಳು, ಡಿಸೆಂಬರಿನಿಂದ ನಗದೆ ಇಟ್ಟಿದ್ದನ್ನೆಲ್ಲ ಒಟ್ಟಿಗೆ. "ಎಲ್ರಿಗೂನಾ?" ಎಂದು ಕೇಳಿದಳು. "ಅಂಚೆಪೆಟ್ಟಿಗೆಗೂ," ಎಂದ. ಅವಳು ಹಿಮದ ಮೇಲೆ ಕೂತೇಬಿಟ್ಟಳು. ಅವನೂ ಕೂತ. ಮನೆಯೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು, ಓರಿನ್ ಇರಬೇಕು, ಅಥವಾ ಇಡೀ ಊರು. ಯಾರೂ ಏಳಲಿಲ್ಲ.

ಕುರಿಯನ್ನು ಹಿಂದಿರುಗಿಸಬೇಕಲ್ಲ. ಆರ್ಲಿಸ್ ಹೇಳದೆ ಕೇಳದೆ ಹಸಿರು ಬಾಗಿಲು ತೆಗೆದು ಹತ್ತಿ ಕೂತಳು, ಕುರಿಯನ್ನು ತೊಡೆಯ ಮೇಲಿಟ್ಟುಕೊಂಡಳು, ಬೆಲ್ಟ್ ಹಾಕಿಕೊಂಡಳು. ಈಗ ಹಿಂದೆ ಎಳೆದುಕೊಂಡು ಹೋಗಲು ಕುರಿಯಿರಲಿಲ್ಲ, ಹಾಡಿರಲಿಲ್ಲ, ನಿಜವಾದ ಪರೀಕ್ಷೆಯಿತ್ತು. ಅವಳು ಕೈಗವಸು ಕಳಚಿ ಹೀಟರಿನ ಬಾಯಿ ಮುಟ್ಟಿದಳು, ಕಾಲಿನ ಬಳಿ ಬಗ್ಗಿ ನೋಡಿದಳು, ಇಂಜಿನ್ನಿಗೆ ಕಿವಿಗೊಟ್ಟಳು. ಅವನು ಇಪ್ಪತ್ತೈದರಲ್ಲಿ ಹೋದ. ಕೆರೆಯ ಇಳಿಜಾರು ಸೇರುವ ಕವಲಿನ ಹತ್ತಿರ, ರಸ್ತೆಗೆ ಬಲಕ್ಕೆ ತಿರುಗಬೇಕಾದ ಕಡೆ, ಕ್ಲಿಕ್ ಎಂದು ಸದ್ದಾಯಿತು. ಆರ್ಲಿಸ್ ಬೆಲ್ಟ್ ಬಿಚ್ಚಿದ್ದಳು. ಇಳಿದು ಹೋಗುತ್ತಾಳೆ ಎಂದುಕೊಂಡು ಅವನು ಗಾಡಿ ನಿಲ್ಲಿಸಿದ.

ಅವಳು ಕಿಟಕಿಯ ಕೈಹಿಡಿ ಹುಡುಕಿ ಹಿಡಿದು ತಿರುಗಿಸತೊಡಗಿದಳು. ಗಾಜು ಗೊಣಗುತ್ತ ಪೂರ್ತಿ ಇಳಿಯಿತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿ ಒಳಗೆ ನುಗ್ಗಿತು.

"ನಿಂದೂ ಇಳ್ಸು," ಎಂದಳು.

ಆ ಎರಡು ಗೆರೆ. ಬೆಳಗಿನಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗಿದ ಆ ಎರಡು ಗೆರೆ. ಮುಳುಗುತ್ತಾನೆಂದಲ್ಲ, ತನ್ನನ್ನು ಕೆರೆಯ ಮೇಲೆ ಕರೆದುಕೊಂಡು ಹೋಗಲೆಂದು ಅವಳು ಎಳೆದದ್ದು. ಬೆಲ್ಟ್ ಬಿಚ್ಚಿದ, ಕಿಟಕಿ ಇಳಿಸಿದ, ಗಾಡಿಯನ್ನು ಕೆರೆಯ ಕಡೆ ತಿರುಗಿಸಿದ. ಮುಂದಿನ ಚಕ್ರಗಳು ಮಂಜಿನ ಮೇಲೆ ಇಳಿದವು. ಜನವರಿಯ ಮಂಜುಗಡ್ಡೆ ಎರಡು ಅಡಿ ದಪ್ಪವಿರುತ್ತದೆ, ಮನೆ ಕಟ್ಟಿದರೂ ತಡೆಯುತ್ತದೆ. ಅದು ಅವನ ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ.

"ಮರಗಳಿವೆಯಾ?"

"ಇವೆ."

"ಸಾಲು ಬಿಡ್ಬೇಡ."

"ಬಿಡಲ್ಲ."

"ಗುಡಿಸಲುಗಳು?"

"ಇವೆ. ಹೊಗೆ ಬರ್ತಿದೆ. ಐದು, ಆರು." ನೋಡಿ ಹೇಳಿದ, ಪ್ರತಿಯೊಂದನ್ನೂ.

ಅವಳ ಕೂದಲು ಹಾರುತ್ತಿತ್ತು, ಕಣ್ಣಂಚಿನಿಂದ ಆ ಬಿಳುಪನ್ನೆಲ್ಲ ಕುಡಿಯುವಂತೆ ಮುಖವನ್ನು ಅತ್ತಿತ್ತ ತಿರುಗಿಸುತ್ತಿದ್ದಳು. "ನಿನ್ನ ಗ್ಯಾರೇಜು ಬಂತಾ?" ಎಂದು ಕೇಳಿದಳು.

"ಎಡಗಡೆ ಇದೆ. ದೂರ."

"ಇವತ್ತು ನಿಲ್ಲಿಸ್ಬೇಡ."

ಅವನು ನಕ್ಕ, ಹಲ್ಲು ಕಟಕಟಿಸುತ್ತ ನಕ್ಕ. ಕೆರೆಯ ನಡುವೆ ಬಂದಾಗ ಧೈರ್ಯ ಮಾಡಿ ಕೇಳಿದ, "ಹೇಗಿದೆ ಗಾಡಿ?"

ಆರ್ಲಿಸ್ ಕುರಿಯ ಉಳಿದ ಕಿವಿಯನ್ನು ಹಿಡಿದುಕೊಂಡಳು. "ಪರವಾಗಿಲ್ಲ," ಎಂದಳು.

"ಏನು?" ಎಂದ ಅವನು, ಗಾಳಿಯಲ್ಲಿ ಕೇಳಿಸದವನಂತೆ.

"ಪರವಾಗಿಲ್ಲ ಅಂದೆ."

"ಕೇಳಿಸ್ಲಿಲ್ಲ."

ಪಿಯಾನೋ ಶ್ರುತಿ ಮಾಡುವವನ ಕಿವಿ ಎಷ್ಟು ಚುರುಕೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಅವನ ಕಡೆ ತಿರುಗಿ, ಅವನ ಪಕ್ಕದ ಕಿಟಕಿಯನ್ನು ನೋಡುತ್ತ, ಮೂರನೆಯ ಸಲ ಕೂಗಿ ಹೇಳಿದಳು.